ಗುರಿಹಲಗೆ ಇಲ್ಲದ ಬಿಲ್ಲುಪಾಠ

ಕಾರವಾರದ ನಮ್ಮ ಕಾಲೇಜಿನ ಬಿಲ್ಲುಗಾರಿಕೆ ತಂಡಕ್ಕೆ ಸೇರಿದವರಿಗೆ ಮೊದಲ ಕೆಲವು ವಾರ ಗುರಿಹಲಗೆಯ ದರ್ಶನವೇ ಇರುತ್ತಿರಲಿಲ್ಲ. ಮೈದಾನದ ಮೂಲೆಯಲ್ಲಿ ಬತ್ತದ ಹುಲ್ಲನ್ನು ಬಿಗಿಯಾಗಿ ಕಟ್ಟಿ ಎದೆಯೆತ್ತರಕ್ಕೆ ಪೇರಿಸಿರುತ್ತಿದ್ದರು. ಅದರ ಮುಂದೆ ನಾಲ್ಕೈದು ಹೆಜ್ಜೆ ದೂರದಲ್ಲಿ ನಿಂತು ಬಾಣ ಬಿಡುವುದು, ಅಷ್ಟೇ. ವೃತ್ತವಿಲ್ಲ, ಅಂಕವಿಲ್ಲ. ಕೈ ಪಳಗಿದ ಮೇಲೆ ಕಣ್ಣು ಮುಚ್ಚಿಯೂ ಬಿಡಿಸುತ್ತಿದ್ದರು. ಗುರಿ ಕಂಡೊಡನೆ ಮನಸ್ಸೆಲ್ಲ ಅಲ್ಲಿಗೆ ಓಡುತ್ತದೆ, ಮೈ ಏನು ಮಾಡುತ್ತಿದೆ ಎಂಬುದು ತಿಳಿಯುವುದೇ ಇಲ್ಲ ಎನ್ನುತ್ತಿದ್ದರು ನಮ್ಮ ಮಾಸ್ತರು. ನಾನು ಕಲಿತ ವಿದ್ಯೆಗಳಲ್ಲೆಲ್ಲ ಇಷ್ಟು ಸರಿಯಾದ ಆರಂಭ ಇನ್ನಾವುದಕ್ಕೂ ಸಿಕ್ಕಿಲ್ಲ.

ಸಿರ್ಸಿ, ಸಿದ್ದಾಪುರದ ಕಡೆಯಿಂದ ಘಟ್ಟ ಇಳಿದು ಬಂದ ನಮಗೆ ಬಿಲ್ಲುಗಾರನೆಂದರೆ ಬಯಲಾಟದ ಅರ್ಜುನ. ಎದೆ ಸೆಟೆಸಿ, ನಡು ಹಿಂದಕ್ಕೆ ಬಾಗಿಸಿ ನಿಲ್ಲುವ ಆ ಭಂಗಿ ರಂಗಸ್ಥಳದಲ್ಲಿ ಎಷ್ಟು ಚೆಂದ! ಮೈದಾನದಲ್ಲಿ ಮಾತ್ರ ಅದು ನಡೆಯದು. ಪಾದಗಳು ಭುಜದಷ್ಟು ಅಗಲಕ್ಕೆ, ಭಾರ ಎರಡೂ ಕಾಲಿನ ಮೇಲೆ ಸಮನಾಗಿ, ಪಕ್ಕೆಲುಬು ಕೆಳಗಿಳಿದಿರಬೇಕು. ಬಿಲ್ಲು ಹಿಡಿದ ಕೈಯ ಹೆಗಲು ಕಿವಿಯತ್ತ ಏರಬಾರದು. ಹಿಡಿಯನ್ನು ಮುಷ್ಟಿ ಕಟ್ಟಿ ಹಿಚುಕಬಾರದು. ಹೆಬ್ಬೆರಳಿನ ಬುಡದ ದಿಂಡಿನ ಮೇಲೆ ಬಿಲ್ಲು ಒರಗಿದರೆ ಸಾಕು. ಹಿಚುಕಿದರೆ ಬಾಣ ಹೊರಡುವಾಗ ಬಿಲ್ಲು ತಿರುಚಿಕೊಳ್ಳುತ್ತದೆ.

ನಿಜವಾದ ವಿದ್ಯೆ ಇರುವುದು ಹೆದೆ ಎಳೆಯುವುದರಲ್ಲಿ. ಹೊಸಬರೆಲ್ಲ ತೋಳಿನಿಂದ ಎಳೆಯುತ್ತಾರೆ. ತೋಳು ಬೇಗ ಸೋಲುತ್ತದೆ, ನಡುಗುತ್ತದೆ; ಬಾಯಿಯ ಅಂಚಿಗೆ ಬೆರಳು ತಾಗುವ ಮೊದಲೇ ಹೆದೆ ಕೈಬಿಟ್ಟುಹೋಗುತ್ತದೆ. ಮಾಸ್ತರು ಹಿಂದೆ ಬಂದು ನಿಂತು ನನ್ನ ಬೆನ್ನ ನಡುವೆ ಬೆರಳೂರಿ, "ತಂಗೀ, ಕೈ ಮರತ್ಬಿಡು. ಈ ಎರಡು ರೆಕ್ಕೆಮೂಳೆ ಹತ್ರ ಬರ್ಲಿ, ನನ್ನ ಬೆರಳು ಒತ್ತಿ ಹಿಡಿ" ಎಂದಿದ್ದರು. ಎಳೆತದ ಭಾರ ತೋಳಿನಿಂದ ಬೆನ್ನಿಗೆ ಇಳಿದದ್ದು ಆ ಗಳಿಗೆಯಲ್ಲೇ ಗೊತ್ತಾಯಿತು. ಬೆನ್ನು ಹೊತ್ತುಕೊಂಡರೆ ಬೆರಳುಗಳಿಗೆ ಕೊಕ್ಕೆಯ ಕೆಲಸವಷ್ಟೇ ಉಳಿಯುತ್ತದೆ. ಹೆದೆ ಬಿಡುವುದೆಂದರೆ ಕೈ ಬಿಚ್ಚುವುದಲ್ಲ, ಬೆರಳು ಸಡಿಲಾಗುವುದು. ಬೆನ್ನು ಎಳೆಯುತ್ತಲೇ ಇದ್ದರೆ ಕೈ ತಾನಾಗಿ ಕಿವಿಯ ಹಿಂದಕ್ಕೆ ಸರಿಯುತ್ತದೆ. ಕೈ ಮುಂದಕ್ಕೆ ಜಾರಿದರೆ ಎಳೆತ ಮೊದಲೇ ಸತ್ತಿತ್ತು ಎಂದರ್ಥ.

ಬಾಣ ಹೋದ ಮೇಲೂ ಅದು ಹುಲ್ಲಿಗೆ ನೆಡುವ ಸದ್ದು ಕೇಳುವವರೆಗೆ ಬಿಲ್ಲುಗೈ ಇಳಿಸುವಂತಿರಲಿಲ್ಲ. ಬೆರಳಿನಿಂದ ಜಾರುವ ಹೆದೆ ಸ್ವಲ್ಪ ಪಕ್ಕಕ್ಕೆ ಸರಿಯುವುದರಿಂದ ಬಾಣ ಬಳುಕುತ್ತಲೇ ಬಿಲ್ಲನ್ನು ದಾಟುತ್ತದೆ. ಆ ಅರೆಕ್ಷಣದಲ್ಲಿ ಕೈ ಅಲುಗಿದರೆ ಹುಲ್ಲಿನ ಹತ್ತಿರ ಕಾಣದ ತಪ್ಪು 50 ಮೀಟರಿನಲ್ಲಿ ಎದ್ದು ಕಾಣುತ್ತದೆ. ನಮ್ಮ ದೇಶದ ಇಂಡಿಯನ್ ರೌಂಡ್ ಸ್ಪರ್ಧೆಯಲ್ಲಿ 30 ಮತ್ತು 50 ಮೀಟರಿಗೆ ಹೊಡೆಯಬೇಕು, ಅದೂ ಬಿದಿರಿನ ಬಿಲ್ಲಿನಲ್ಲಿ. ಗುರಿ ತೋರಿಸುವ ಸಾಧನ ಅದರಲ್ಲಿ ಇರುವುದಿಲ್ಲ. ಪ್ರತಿಸಲವೂ ಬೆರಳು ಮುಖದ ಒಂದೇ ಜಾಗಕ್ಕೆ ಬಂದು ತಂಗುವುದೇ ಆಧಾರ. ಬಿದಿರು ಹಿಡಿಯಲು ಸಂಕೋಚಪಡುವವರಿಗೆ ಮಾಸ್ತರು ಲಿಂಬಾರಾಮರ ಹೆಸರು ಹೇಳುತ್ತಿದ್ದರು. ರಾಜಸ್ಥಾನದ ಆದಿವಾಸಿ ಹಳ್ಳಿಯಲ್ಲಿ ಬಿದಿರಿನ ಬಿಲ್ಲು ಹಿಡಿದು ಬೆಳೆದ ಅವರು 1988, 1992, 1996ರ ಮೂರೂ ಒಲಿಂಪಿಕ್ಸ್‌ಗಳಲ್ಲಿ ಭಾರತಕ್ಕಾಗಿ ಬಾಣ ಹೂಡಿದವರು.

ದೂರದ ಅಭ್ಯಾಸ ಬೆಳಿಗ್ಗೆಯೇ. ಬಿಸಿಲೇರಿದಂತೆ ಪಡುವಣದಿಂದ ಕಡಲಗಾಳಿ ಎದ್ದು ಗರಿಗಳನ್ನು ತಳ್ಳತೊಡಗುತ್ತದೆ. ಆಗ ತಪ್ಪು ಗಾಳಿಯದೋ ಮೈಯದೋ ತಿಳಿಯದು. ಅಭ್ಯಾಸ ಮುಗಿದರೆ ಹೆದೆ ಇಳಿಸಿಯೇ ಬಿಲ್ಲು ಒಳಗಿಡಬೇಕು. ಬಾಣ ಹೂಡದೆ ಬರೀ ಹೆದೆ ಎಳೆದು ಬಿಟ್ಟವರಿಗೆ ಮಾತ್ರ ಮಾಸ್ತರು ಗದರುತ್ತಿದ್ದರು, ಏಕೆಂದರೆ ಬಾಣಕ್ಕೆ ಹೋಗಬೇಕಾದ ಬಲವೆಲ್ಲ ಬಿಲ್ಲಿಗೇ ಮರಳಿ ಅದು ಸೀಳಬಹುದು.

ಈಗ ಮೈದಾನಕ್ಕಿಳಿಯುತ್ತಿರುವ ತಮ್ಮ ತಂಗಿಯರಲ್ಲಿ ಒಂದು ಕೋರಿಕೆ. ಹಗುರವಾಗಿ ಎಳೆಯಬಲ್ಲ ಬಿಲ್ಲಿನಿಂದಲೇ ಶುರು ಮಾಡಿ. ಎಳೆಯಲು ಭಾರವಾದ ಬಿಲ್ಲು ಬೆನ್ನಿಗೆ ಕಲಿಯಲು ಬಿಡುವು ಕೊಡುವುದಿಲ್ಲ. ನಮ್ಮ ಬೆನ್ನು ನೋಡಲು ಮಾಸ್ತರೊಬ್ಬರೇ ಇದ್ದರು, ನಿಮ್ಮ ಕೈಯಲ್ಲಿ ಮೊಬೈಲ್ ಇದೆ. ಒಬ್ಬರು ಬಾಣ ಬಿಡುವಾಗ ಇನ್ನೊಬ್ಬರು ಹಿಂದಿನಿಂದ ವಿಡಿಯೊ ಮಾಡಿ, ಎಳೆದ ಕೈಯ ಮೊಣಕೈ ಬಾಣದ ನೇರಕ್ಕೆ ಬಂದಿದೆಯೇ ಎಂದು ಅಲ್ಲೇ ಕೂತು ನೋಡಿಕೊಳ್ಳಿ.