ಮೇಲಿನ ಮನೆಯ ಒಪೆರಾ ಹಾಡುಗಾರ್ತಿ

ಜರ್ಮನಿಯ ಲೈಪ್‌ಜಿಗ್‌ಗೆ ಬಂದ ಹೊಸದರಲ್ಲಿ ಮನೆ ತೋರಿಸುವಾಗಲೇ ಓನರ್ ಹೇಳಿದ್ದರು, ಮೇಲಿನ ಮನೆಯಲ್ಲಿ ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ಹಾಡುವವಳೊಬ್ಬಳಿದ್ದಾಳೆ, ನಿಮಗೆ ತೊಂದರೆ ಇಲ್ಲ ತಾನೇ ಅಂತ. ಚಿಕ್ಕಂದಿನಲ್ಲಿ ಪಕ್ಕದ ಮನೆಯವರ ಸರಳೆ ವರಸೆ ಕೇಳಿಯೇ ದಿನಾ ಬೆಳಿಗ್ಗೆ ಎದ್ದವಳು ನಾನು, ಇನ್ನೇನು ತೊಂದರೆ ಅಂತ ಒಪ್ಪಿಕೊಂಡೆ. ಮೂರು ವರ್ಷವಾಯಿತು. ಮೇಲಿಂದ ಬರುವ ಸದ್ದು ನಮ್ಮ ಮಿಕ್ಸಿ ಸದ್ದಿಗಿಂತ ಕಮ್ಮಿ.

ಬೆಳಿಗ್ಗೆ ಹನ್ನೊಂದಕ್ಕೆ ಶುರು. ಮೊದಲು ತುಟಿ ಅದುರಿಸುತ್ತಾ ಬ್ರ್‌ರ್‌ರ್ ಅನ್ನುತ್ತಾಳೆ, ಥೇಟ್ ಮಕ್ಕಳು ಬಸ್ಸು ಓಡಿಸುವ ಆಟ. ಆಮೇಲೆ ನೀರಿನ ಬಾಟಲಿಗೆ ಸ್ಟ್ರಾ ಹಾಕಿ ಗುಳುಗುಳು ಅನ್ನಿಸುತ್ತಾ ಸ್ವರ ಹಿಡಿಯುತ್ತಾಳೆ. ಗಂಟಲಿಗೆ ಭಾರ ಬೀಳದ ಹಾಗೆ ದನಿ ಹದ ಮಾಡುವ ವಿಧಾನವಂತೆ. ನಿಜವಾದ ಹಾಡು ಒಂದು ಗಂಟೆಯೂ ಇರಲ್ಲ. ಶೋ ಇರುವ ದಿನವಂತೂ ಮಾತೇ ಬಂದ್, ಮೆಟ್ಟಿಲ ಮೇಲೆ ಸಿಕ್ಕರೆ ಕೈಸನ್ನೆ ಮಾಡಿ ಹೋಗುತ್ತಾಳೆ.

ಅವಳದು ಮೆಜ್ಜೋ ಸೊಪ್ರಾನೊ, ಅಂದರೆ ಹೆಂಗಸರ ದನಿಯಲ್ಲಿ ನಡುವಿನದು. ನಮ್ಮಲ್ಲಿ ಹಾಡುವವರಿಗೆ ಒಗ್ಗುವ ಹಾಗೆ ಶ್ರುತಿ ಇಟ್ಟುಕೊಳ್ಳುತ್ತೇವೆ, ಒಬ್ಬರಿಗೆ ಐದು, ಇನ್ನೊಬ್ಬರಿಗೆ ಐದೂವರೆ. ಇಲ್ಲಿ ಬರೆದಿಟ್ಟ ಸ್ವರ ಅಲ್ಲೇ ಇರುತ್ತದೆ, ಅದಕ್ಕೆ ತಕ್ಕ ದನಿಯವರನ್ನು ಹುಡುಕುತ್ತಾರೆ. ಮೈಕ್ ಇಲ್ಲ. ಮುಂದೆ ಅರವತ್ತು ಜನರ ಆರ್ಕೆಸ್ಟ್ರಾ, ಅದನ್ನು ದಾಟಿ ದನಿ ಬಾಲ್ಕನಿ ಮುಟ್ಟಬೇಕು. ಕೂಗಿದರೆ ಆಗಲ್ಲ. ಆರ್ಕೆಸ್ಟ್ರಾ ಸದ್ದು ತೆಳುವಾಗುವ 3000 ಹರ್ಟ್ಸ್ (ಸೆಕೆಂಡಿಗೆ 3000 ಕಂಪನ) ಆಸುಪಾಸಿನಲ್ಲಿ ದನಿಗೆ ಹೊಳಪು ತರುವುದನ್ನು ವರ್ಷಗಟ್ಟಲೆ ಕಲಿಯುತ್ತಾರೆ.

ಮೆಜ್ಜೋಗಳ ಪಾಲಿಗೆ ಹುಡುಗರ ಪಾತ್ರ ಜಾಸ್ತಿ. ನಮ್ಮ ಯಕ್ಷಗಾನದಲ್ಲಿ ಗಂಡಸರು ಸ್ತ್ರೀವೇಷ ಕಟ್ಟುತ್ತಾರಲ್ವಾ, ಅದರ ಉಲ್ಟಾ. ಡಿಸೆಂಬರ್ ಬಂತೆಂದರೆ ಜರ್ಮನಿಯ ಊರೂರಲ್ಲೂ ಹುಂಪರ್ಡಿಂಕ್ ಸಂಗೀತ ಬರೆದ ಒಪೆರಾ 'ಹೆನ್ಸೆಲ್ ಉಂಡ್ ಗ್ರೆಟೆಲ್'. 1893ರಲ್ಲಿ ವೈಮಾರ್‌ನಲ್ಲಿ ಮೊದಲು ಆಡಿದ್ದು, ಇಂದಿಗೂ ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ. ಅದರಲ್ಲಿ ಹುಡುಗ ಹೆನ್ಸೆಲ್ ಇವಳೇ. ಹೋದ ವರ್ಷ ಒಂದು ಬೆಳಿಗ್ಗೆ ಒಂಬತ್ತಕ್ಕೆ ಫೋನು. ಬೇರೆ ಊರಿನ ಹೆನ್ಸೆಲ್‌ಗೆ ಜ್ವರ, ಸಂಜೆ ಶೋ, ಬರ್ತೀಯಾ? ರೈಲಿನಲ್ಲಿ ಕೂತು ಆ ನಾಟಕದ ವಿಡಿಯೋ ನೋಡುತ್ತಾ ಎಲ್ಲಿ ನಿಲ್ಲಬೇಕು, ಎಲ್ಲಿ ಓಡಬೇಕು ಅಂತ ಬಾಯಿಪಾಠ ಮಾಡಿದಳು. ಬೇರೆಯವಳ ಅಳತೆಯ ಚಡ್ಡಿ, ಸೊಂಟಕ್ಕೆ ಆರು ಪಿನ್ನು.

ಹೊರಡುವಾಗ ಆಲ್ ದಿ ಬೆಸ್ಟ್ ಅಂದೆ, ಮುಖ ಹುಳ್ಳಗೆ ಮಾಡಿದಳು. 'ತೊಯ್ ತೊಯ್ ತೊಯ್' ಅನ್ನಬೇಕಂತೆ, ಅದಕ್ಕೆ ಅವಳು ಥ್ಯಾಂಕ್ಸ್ ಹೇಳಬಾರದಂತೆ. ಉಗುಳುವ ಸದ್ದು ಅದು, ಕೆಟ್ಟದ್ದು ತಾಗದಿರಲಿ ಅಂತ. ನಮ್ಮಜ್ಜಿ ದೃಷ್ಟಿ ತೆಗೆಯುವಾಗ ಥೂ ಥೂ ಥೂ ಅನ್ನುತ್ತಿದ್ದದ್ದನ್ನು ಮಾಡಿ ತೋರಿಸಿದೆ. ತುಂಬಾ ಖುಷಿಯಾಯಿತು ಅವಳಿಗೆ, ಈಗ ನನ್ನಿಂದ ಅದೇ ಬೇಕು.

ಕೆಲಸ ಮಾಡುವುದು ರೈಲಿನಲ್ಲಿ ಮುಕ್ಕಾಲು ಗಂಟೆ ದೂರದ ಸಣ್ಣ ಥಿಯೇಟರ್‌ನಲ್ಲಿ. ತಿಂಗಳ ಸಂಬಳ ಇದೆ, ಆದರೆ ಒಪ್ಪಂದ ಸೀಸನ್ ಲೆಕ್ಕದ್ದು. ಮುಂದಿನ ಸೀಸನ್‌ಗೆ ಬೇಡ ಅಂತಿದ್ದರೆ ಥಿಯೇಟರಿನವರು ಅಕ್ಟೋಬರ್ 31ರೊಳಗೆ ಬರೆದು ತಿಳಿಸಬೇಕು, ಅದಕ್ಕೂ ಮೊದಲು ಕರೆದು ಮಾತಾಡಬೇಕು. ಹಾಗಾಗಿ ಅಕ್ಟೋಬರ್ ತುಂಬಾ ಅವಳ ಮುಖ ನೋಡಕ್ಕಾಗಲ್ಲ. ಫೋನ್ ರಿಂಗಾದರೆ ಬೆಚ್ಚಿಬೀಳುತ್ತಾಳೆ. ಹೊಸ ಡೈರೆಕ್ಟರ್ ಬಂದರೆ ಹಳಬರು ಮನೆಗೆ, ಚೆನ್ನಾಗಿ ಹಾಡಿದರೂ ಅಷ್ಟೇ. ನಮ್ಮ ಐಟಿಯವರ ಅಪ್ರೈಸಲ್ ಇದರ ಮುಂದೆ ಏನೂ ಅಲ್ಲ.

ಆ ಟೆನ್ಷನ್‌ಗೆ ಒಂದು ಸಲ ಮೆಣಸಿನ ಸಾರು ಮಾಡಿ ತೆಗೆದುಕೊಂಡು ಹೋಗಿದ್ದೆ, ಗಂಟಲಿಗೆ ಒಳ್ಳೇದು ಅಂತ. ವಾಸನೆ ನೋಡಿ ಕಣ್ಣರಳಿಸಿದಳು, ಮುಚ್ಚಳ ಮುಚ್ಚಿ ವಾಪಸ್ ಕೊಟ್ಟಳು. ಖಾರ ತಿಂದು ಮಲಗಿದರೆ ಹುಳಿ ಮೇಲೆ ಬಂದು ದನಿ ಕೆಡುತ್ತದಂತೆ. ಶೋ ಮುಗಿಸಿ ಬರುವುದೇ ಹನ್ನೊಂದಕ್ಕೆ, ಹಸಿದಿದ್ದರೂ ಬಾಳೆಹಣ್ಣು ತಿಂದು ಮಲಗುತ್ತಾಳೆ ಪಾಪ.

ಈ ಸಲ ಅಕ್ಟೋಬರ್ 31 ದಾಟಿತು, ಯಾವ ಕಾಗದವೂ ಬರಲಿಲ್ಲ. ಲೈಪ್‌ಜಿಗ್ ಇರುವ ಸ್ಯಾಕ್ಸನಿ ರಾಜ್ಯದಲ್ಲಿ ಅವತ್ತು ರಜೆ, ಎರಡು ದಿನ ಶೋ ಕೂಡ ಇರಲಿಲ್ಲ. ರಾತ್ರಿ ತಾನೇ ತಟ್ಟೆ ಹಿಡಿದು ಕೆಳಗೆ ಬಂದಳು, 'ಆ ಕಪ್ಪು ಸೂಪ್ ಇದೆಯಾ?' ಎರಡು ಸಲ ಅನ್ನ ಹಾಕಿಸಿಕೊಂಡು ಮೂಗು ಸುರಿಸುತ್ತಾ ಉಂಡಳು. ಹನ್ನೆರಡೂವರೆಗೆ ಮೆಸೇಜ್: ಎದೆ ಉರಿ, ಏನು ಕುಡಿಯಲಿ?