ಸಿಸ್ಟ್ ಮುಂದೆ ಕ್ಯಾನ್ಸರ್ ಆಗುತ್ತಾ?

"ಅಂಡಾಶಯದಲ್ಲಿ ಸಿಸ್ಟ್ ಇದೆ ಅಂದ್ರು. ಮುಂದೆ ಕ್ಯಾನ್ಸರ್ ಆಗುತ್ತಾ? ಹೌದೋ ಇಲ್ಲವೋ ಹೇಳಿಬಿಡಿ." ಹಾಗೆ ಹೇಳಲು ಬರುವುದಿಲ್ಲ. ಸಿಸ್ಟ್ ಎಂದರೆ ಒಳಗೆ ನೀರೋ ಬೇರೇನೋ ತುಂಬಿದ ಚೀಲ, ಅದರಲ್ಲಿ ಹಲವು ಬಗೆ. ಯಾವ ಸಿಸ್ಟ್ ಎಂದು ತಿರುಗಿ ಕೇಳಿದರೆ "ಐದು ಸೆಂಟಿಮೀಟರ್" ಎಂಬ ಉತ್ತರ ಬರುತ್ತದೆ. ನಾನು ಕೇಳಿದ್ದು ಅಳತೆಯಲ್ಲ, ಬಗೆ. ರಿಪೋರ್ಟಿನಲ್ಲಿ ಅದರ ಮುಂದಿನ ಸಾಲನ್ನೂ ಓದಿ.

ಮುಟ್ಟಿನ ಚಕ್ರದಲ್ಲಿ ಮೂಡುವ ನೀರಿನ ಸಿಸ್ಟ್ ಸಾಮಾನ್ಯವಾಗಿ ಎರಡು ಮೂರು ತಿಂಗಳಲ್ಲಿ ತಾನಾಗಿ ಕರಗುತ್ತದೆ. ಅದು ಕ್ಯಾನ್ಸರ್‌ಗೆ ತಿರುಗುವುದಿಲ್ಲ. ಪಿಸಿಓಡಿಯಲ್ಲಿ ಕಾಣುವವಂತೂ ಪೂರ್ತಿ ಬಲಿಯದೆ ಉಳಿದ, ಅಂಡಾಣು ಬೆಳೆಯುವ ಪುಟ್ಟ ಚೀಲಗಳು, ಅಂದರೆ ಫಾಲಿಕಲ್‌ಗಳು. ಅವನ್ನು ಈ ಭಯಕ್ಕೆ ಎಳೆಯಬೇಡಿ.

ಡರ್ಮಾಯ್ಡ್ ಬೇರೆ. ಅದರೊಳಗೆ ಚರ್ಮ, ಕೂದಲು, ಜಿಡ್ಡು, ಕೆಲವೊಮ್ಮೆ ಹಲ್ಲು ಇರುತ್ತವೆ. ನೂರರಲ್ಲಿ ಒಂದೆರಡು, ಅಷ್ಟೂ ಇಲ್ಲವೆನ್ನಿ, ಕ್ಯಾನ್ಸರ್‌ಗೆ ತಿರುಗುತ್ತವೆ. ಕೆಡುವುದು ಬಹುಪಾಲು ಆ ಚರ್ಮವೇ, ಹಾಗಾಗಿ ಹೆಚ್ಚಾಗಿ ಕಾಣುವುದು ಚರ್ಮದ ಕೋಶಗಳಿಂದ ಹುಟ್ಟುವ ಸ್ಕ್ವೇಮಸ್ ಸೆಲ್ ಕ್ಯಾನ್ಸರ್. ವಯಸ್ಸು 45 ದಾಟಿದ್ದು, ಗಾತ್ರ 10 ಸೆಂ.ಮೀ. ಮೀರಿ, ಬೇಗ ಬೇಗ ಬೆಳೆಯುತ್ತಿದ್ದರೆ ಅನುಮಾನ ಪಡಬೇಕು. ಡರ್ಮಾಯ್ಡ್‌ನಲ್ಲಿ ಗಂಟು ಇರುವುದು ಸಹಜ. ಆ ಗಂಟಿನಲ್ಲಿ ರಕ್ತ ಓಡುತ್ತಿದೆಯೇ, ಅದು ಗೋಡೆಯನ್ನು ಕೊರೆದು ಹೊರಬಂದಿದೆಯೇ ಎಂಬುದೇ ಮುಖ್ಯ.

ಎಂಡೊಮೆಟ್ರಿಯೋಸಿಸ್ ಎಂದರೆ ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವುದು. ಅದರಿಂದ ಹಳೆಯ ರಕ್ತ ತುಂಬಿಕೊಂಡು ಆಗುವ ಚಾಕೊಲೇಟ್ ಸಿಸ್ಟ್‌ನಲ್ಲಿ ಅಪಾಯ ನೂರಕ್ಕೆ ಸುಮಾರು ಒಂದು. ಬರುವುದು ಕ್ಲಿಯರ್ ಸೆಲ್ ಅಥವಾ ಎಂಡೊಮೆಟ್ರಿಯಾಯ್ಡ್ ಬಗೆಯ ಕ್ಯಾನ್ಸರ್. ಇಲ್ಲಿ ಎಂಆರ್‌ಐ ಓದುವವರು ಎಡವುವ ಜಾಗ ಒಂದಿದೆ: ಹಳೆಯ ರಕ್ತವು, ಚಿತ್ರ ಸ್ಪಷ್ಟವಾಗಲೆಂದು ನರಕ್ಕೆ ಚುಚ್ಚುವ ಔಷಧಿ (ಕಾಂಟ್ರಾಸ್ಟ್) ಕೊಡುವ ಮೊದಲೇ ಬೆಳ್ಳಗೆ ಹೊಳೆಯುತ್ತದೆ, ಅದರ ನಡುವೆ ಸಣ್ಣ ಗಂಟು ಔಷಧಿ ಹೀರಿದ್ದು ಕಣ್ಣಿಗೆ ಬೀಳುವುದಿಲ್ಲ. ಔಷಧಿಯ ನಂತರದ ಚಿತ್ರದಿಂದ ಮೊದಲಿನದನ್ನು ಕಳೆದು ನೋಡಬೇಕು. ಸಿಎ-125 ಎಂಬ ರಕ್ತ ಪರೀಕ್ಷೆಯನ್ನು ನಂಬಿ ಕೂರಬೇಡಿ. ಕ್ಯಾನ್ಸರ್ ಇಲ್ಲದೆ ಬರೀ ಎಂಡೊಮೆಟ್ರಿಯೋಸಿಸ್ ಇದ್ದರೂ ಅದು ಏರಬಹುದು, ಮುಟ್ಟಿನ ದಿನಗಳಲ್ಲೂ ಏರಬಹುದು. ನಾರ್ಮಲ್ ಬಂದರೂ ಕ್ಯಾನ್ಸರ್ ಇಲ್ಲವೆಂದು ಅರ್ಥವಲ್ಲ.

ಯಾರೂ ಕೇಳದ, ಆದರೆ ಕೇಳಲೇಬೇಕಾದ ಪ್ರಶ್ನೆ ಇನ್ನೊಂದು: "ಒಡೆಯದ ಹಾಗೆ ಹೇಗೆ ತೆಗೆಯುತ್ತೀರಿ?" ಕ್ಯಾನ್ಸರ್ ಒಂದೇ ಅಂಡಾಶಯದೊಳಗೆ, ಚೀಲ ಒಡೆಯದೆ ಇದ್ದರೆ ಅದು ಒಂದು-ಎ ಹಂತ. ಆಪರೇಷನ್ ಮಾಡುವಾಗ ಚೀಲ ಒಡೆದು ಚೆಲ್ಲಿದರೆ, ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಸಂಘಟನೆ ಫಿಗೊದ 2014ರ ಹಂತ ವರ್ಗೀಕರಣದಲ್ಲಿ ಅದೇ ಗೆಡ್ಡೆ ಒಂದು-ಸಿ-1 ಆಗುತ್ತದೆ, ಕೀಮೋ ಬೇಕೇ ಎಂಬ ಲೆಕ್ಕವೇ ಬದಲಾಗಬಹುದು. ಅನುಮಾನ ಇರುವ ಸಿಸ್ಟ್‌ಗೆ ಸೂಜಿ ಚುಚ್ಚಿ ನೀರು ತೆಗೆಸಬೇಡಿ: ಆ ನೀರಿನಲ್ಲಿ ಕ್ಯಾನ್ಸರ್ ಕಣ ಸಿಗದೇ ಹೋಗಬಹುದು, ಸೋರಿಕೆ ಮಾತ್ರ ಆಗಿಬಿಡುತ್ತದೆ. ಲ್ಯಾಪರೊಸ್ಕೋಪಿ (ಸಣ್ಣ ತೂತುಗಳ ಮೂಲಕ ಮಾಡುವ ಆಪರೇಷನ್) ಆದರೆ ಹೊಟ್ಟೆಯೊಳಗೇ ಬ್ಯಾಗಿಗೆ ಹಾಕಿ, ಬಾಯಿ ಬಿಗಿದು ಹೊರತೆಗೆಯಬೇಕು. ಬ್ಯಾಗಿನಲ್ಲಿ ಹಿಡಿಸದಷ್ಟು ದೊಡ್ಡದಿದ್ದು, ಅನುಮಾನವೂ ಇದ್ದರೆ ಹೊಟ್ಟೆ ಕೊಯ್ದೇ ತೆಗೆಯುವುದು ಒಳ್ಳೆಯದು. ಗಾಯ ಚಿಕ್ಕದಿರಲಿ ಎಂದು ಹಟ ಹಿಡಿಯುವ ಸಮಯ ಅದಲ್ಲ.

ತೆಗೆದದ್ದು ಪೂರ್ತಿಯಾಗಿ ಪೆಥಾಲಜಿ ಪರೀಕ್ಷೆಗೆ ಹೋಗಬೇಕು. ನುಣುಪಾದ ಗೋಡೆಯಿಂದ ಒಂದೇ ತುಂಡು ಕತ್ತರಿಸಿ ನೋಡಿದರೆ ಸಾಲದು. ದಪ್ಪಗಿರುವ, ಗಟ್ಟಿಯಿರುವ ಪ್ರತಿ ಜಾಗವನ್ನೂ ನೋಡಬೇಕು. ಹೊಲಿಗೆ ಬಿಚ್ಚಿಸಿಕೊಂಡು ಮನೆಗೆ ಹೋದ ಮೇಲೆ ಆ ರಿಪೋರ್ಟ್ ತರಲು ಮರೆಯುವವರಿದ್ದಾರೆ. ಹೋಗಿ ತನ್ನಿ, ಡಾಕ್ಟರ್ ಕೈಲಿ ಓದಿಸಿ.