ನೀರು ಎಷ್ಟ ದಿನಕ್ಕೊಮ್ಮೆ ಬರ್ತಾವ್ರಿ?

ಧಾರವಾಡದಲ್ಲಿ ಅಪ್ಪ ಬಾಡಿಗೆ ಮನೆ ನೋಡೋಕೆ ಹೋದಾಗಲೆಲ್ಲ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು. “ನೀರು ಎಷ್ಟ ದಿನಕ್ಕೊಮ್ಮೆ ಬರ್ತಾವ್ರಿ?” ಬಾಡಿಗೆ, ಅಡ್ವಾನ್ಸ್, ಗಾಳಿ-ಬೆಳಕು ಎಲ್ಲ ಆಮೇಲೆ. ವಾರಕ್ಕೊಮ್ಮೆ ನಳಕ್ಕೆ ನೀರು ಬರುವ ಓಣಿಯಲ್ಲಿ ಬೆಳೆದವನು ನಾನು. ಈ ಸಲ ಆ ಪ್ರಶ್ನೆಯನ್ನು ಹಿಮಾಲಯದವರೆಗೂ ಒಯ್ದೆ.

ವಿಷಯ ಏನಂದ್ರೆ, ಜನವರಿಯಿಂದ ಮಾರ್ಚ್ ಮಧ್ಯದವರೆಗೆ ಬೆಟ್ಟದ ಊರೊಂದರಲ್ಲಿ ಮನೆ ಹಿಡಿದು, ನೆಟ್ಟಗೆ ಸ್ಕೀ, ಅಂದರೆ ಕಾಲಿಗೆ ಉದ್ದ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರೋದು, ಕಲಿಯಬೇಕು ಅಂತಿದ್ದೇನೆ. 2020ರ ಫೆಬ್ರವರಿಯಲ್ಲಿ ಉತ್ತರಾಖಂಡದ ಔಲಿಯಲ್ಲಿ 14 ದಿನದ ಕೋರ್ಸ್ ಮಾಡಿದ್ದೆ. ಕೊನೆಯ ದಿನ, ಮೊದಲ ಸಲ, ಬೀಳದೆ ಎಡಕ್ಕೂ ಬಲಕ್ಕೂ ತಿರುಗುತ್ತಾ ಕೆಳಗಿಳಿದೆ. ಕಾಲಿಗೆ ಹದ ಸಿಗುವಷ್ಟರಲ್ಲಿ ಗಂಟುಮೂಟೆ ಕಟ್ಟಬೇಕಾಯಿತು. ಆ ಇಳಿಜಾರು ಇವತ್ತಿಗೂ ಕನಸಿನಲ್ಲಿ ಬರುತ್ತೆ. ನನ್ನದು ಅಂಗಡಿಗಳ ಲೆಕ್ಕಪತ್ರ ನೋಡುವ ಕೆಲಸ. ಲ್ಯಾಪ್‌ಟಾಪ್, ಇಂಟರ್‌ನೆಟ್ ಇದ್ದರೆ ಎಲ್ಲಿ ಕೂತರೂ ನಡೆಯುತ್ತೆ.

ಮೊದಲು ನೆನಪಾದದ್ದು ಜೋಶಿಮಠ. ಔಲಿಯ ಕೆಳಗಿನ ಊರು. ಆಗ ನಾವು ರೋಪ್‌ವೇಯಲ್ಲಿ ಸುಮಾರು 4 ಕಿ.ಮೀ. ಮೇಲೇರಿ ಹೋಗಿದ್ದೆವು. 2023ರ ಜನವರಿಯಲ್ಲಿ ಆ ಊರಿನ ನೆಲವೇ ಕುಸಿಯಿತು. ನೂರಾರು ಮನೆಗಳ ಗೋಡೆ ಬಿರುಕು ಬಿಟ್ಟವು, ರೋಪ್‌ವೇ ನಿಂತಿತು. ಜನ ಮನೆ ಬಿಟ್ಟು ಹೋದ ಊರಿನಲ್ಲಿ ನಾನು ಕೋಣೆ ಹುಡುಕೋದಾ? ನನ್ನ ಬಾಡಿಗೆಯಿಂದ ಅಲ್ಲಿ ಒಂದು ಮನೆಗಾದರೂ ಆಸರೆ ಆದೀತು ಅಂತಲೂ ಅನಿಸಿತು. ನಾಲ್ಕು ದಿನ ಇದೇ ತಲೆಯಲ್ಲಿ ಸುತ್ತಿತು. ಕೊನೆಗೆ ಮನಸ್ಸು ಒಪ್ಪಲಿಲ್ಲ.

ಮನಾಲಿ ಬೇಗ ಕೈಬಿಟ್ಟೆ. ಸೋಲಂಗ್ ಇಳಿಜಾರು ಹೊಸಬರಿಗೆ ಚೆನ್ನ, ನಿಜ. ಆದರೆ ಅಟಲ್ ಸುರಂಗ ತೆರೆದ ಮೇಲೆ ಹಿಮ ಬಿದ್ದ ದಿನ ಆ ದಾರಿಯಲ್ಲಿ ಕಾರುಗಳ ಸಾಲು ಕರಗೋದೇ ಇಲ್ಲ. ಸಂತೆಯ ನಡುವೆ ಎರಡೂವರೆ ತಿಂಗಳು ಇರೋದು ನನ್ನಿಂದಾಗದು.

ಉಳಿದದ್ದು ಕಾಶ್ಮೀರದ ಗುಲ್ಮಾರ್ಗ್. ಅಲ್ಲಿನ ಗೊಂಡೋಲಾ, ಅಂದರೆ ತಂತಿ ಮೇಲೆ ಓಡುವ ಕೇಬಲ್ ಕಾರು, ಎರಡು ಹಂತದ್ದು. ಮೊದಲನೆಯದು ಕೊಂಗ್ಡೂರಿವರೆಗೆ, ಎರಡನೆಯದು ಅಫರ್ವತ್ ಬೆಟ್ಟದಲ್ಲಿ ಸುಮಾರು 3,950 ಮೀಟರ್ ಎತ್ತರಕ್ಕೆ. ಆ ಮೇಲಿನ ಹಂತ ನನಗಲ್ಲ. ಅದು ಹಿಮಕುಸಿತದ ಜಾಗ, ದಾರಿ ಬಲ್ಲ ಗೈಡ್ ಜೊತೆಗಿಲ್ಲದೆ ಇಳಿಯಲೇಬಾರದು. ಕೆಳಗಿನ ಬಯಲಿನಲ್ಲಿ ಹೊಸಬರನ್ನು ಇಳಿಜಾರಿನ ಮೇಲಕ್ಕೆ ಒಯ್ಯೋಕಂತಲೇ ಸಣ್ಣ ಲಿಫ್ಟ್‌ಗಳಿವೆ, ನನಗೆ ಅಷ್ಟು ಸಾಕು. ಆದರೆ ಗುಲ್ಮಾರ್ಗ್ ಅಂದರೆ ಬರೀ ಹೋಟೆಲ್. ಅಲ್ಲಿ ಒಂದು ವಾರ ಇರಬಹುದು, ಸಂಸಾರ ಹೂಡೋಕಾಗಲ್ಲ. ಅದಕ್ಕೇ 13 ಕಿ.ಮೀ. ಕೆಳಗಿನ ತಂಗ್‌ಮಾರ್ಗ್ ಆರಿಸಿದೆ. ಅಲ್ಲಿ ಪೇಟೆ ಇದೆ, ಔಷಧಿ ಅಂಗಡಿ ಇದೆ. ನಸುಕಿನಲ್ಲೇ ಬಿಸಿ ರೊಟ್ಟಿ ಸುಟ್ಟುಕೊಡುವ ಕಾಂದುರ್ ಅಂಗಡಿ ಇದೆ. ದಿನಾ ಬೆಳಿಗ್ಗೆ ಗಾಲಿಗೆ ಸರಪಳಿ ಕಟ್ಟಿದ ಗಾಡಿಯಲ್ಲಿ ಮೇಲೆ ಹೋಗೋದು, ಮಧ್ಯಾಹ್ನ ವಾಪಸ್ ಬಂದು ಲೆಕ್ಕದ ಕೆಲಸಕ್ಕೆ ಕೂರೋದು.

ಹಿಮ ಬೀಳುತ್ತೋ ಇಲ್ವೋ ಅನ್ನೋ ಚಿಂತೆ ಎಲ್ಲ ಕಡೆ ಇದ್ದದ್ದೇ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಬಹುತೇಕ ತಿಂಗಳು ಪೂರ್ತಿ ಬೋಳಾಗಿತ್ತು. 2025ರಲ್ಲಿ ಹಿಮ ಸಾಲದೆ ಅಲ್ಲಿನ ಖೇಲೋ ಇಂಡಿಯಾ ಚಳಿಗಾಲದ ಆಟಗಳನ್ನು ಫೆಬ್ರವರಿಯಿಂದ ಮಾರ್ಚ್‌ಗೆ ಮುಂದೂಡಿದರು. ಅಲ್ಲಿಗೆ ಹಿಮ ತರೋದು ಮೆಡಿಟರೇನಿಯನ್ ಕಡೆಯಿಂದ ಬರುವ ಚಳಿಗಾಲದ ಮೋಡಗಳು. ಕುಂದಗೋಳದಲ್ಲಿ ನಮ್ಮ ಮಾವ ಮುಂಗಾರಿಗೆ ಮುಗಿಲು ನೋಡುತ್ತಾ ಕೂರುವ ಹಾಗೆ ನಾನೂ ಕಾಯಬೇಕು. ಅದಕ್ಕೇ ಹತ್ತು ದಿನಕ್ಕಲ್ಲ, ಎರಡೂವರೆ ತಿಂಗಳಿಗೆ ಹೋಗ್ತಿರೋದು.

ಅವ್ವನ ಭಯ ಬೇರೆ. ಪಹಲ್ಗಾಮ್ ದಾಳಿಯ ಸುದ್ದಿ ಟಿವಿಯಲ್ಲಿ ನೋಡಿದಾಗಿನಿಂದ ಕಾಶ್ಮೀರ ಅಂದರೆ ಅವಳ ಮುಖ ಸಣ್ಣದಾಗುತ್ತೆ. ಅವಳಿಗೆ ಸುಳ್ಳು ಸಮಾಧಾನ ಹೇಳಲಿಲ್ಲ. ದಿನಾ ಎರಡು ಹೊತ್ತು ಫೋನ್ ಮಾಡ್ತೀನಿ ಅಂತ ಮಾತು ಕೊಟ್ಟೆ. ಆ ಮಾತಿಗೋಸ್ಕರ ನನ್ನ ನಂಬರ್ ಪೋಸ್ಟ್‌ಪೇಯ್ಡ್ ಮಾಡಿಸಿದೆ, ಹೊರಗಿನ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯೋದಿಲ್ಲ. ಲೋಂಡಾದಿಂದ ಗೋವಾ ಎಕ್ಸ್‌ಪ್ರೆಸ್ ಹಿಡಿದು ದಿಲ್ಲಿ, ಅಲ್ಲಿಂದ ಕಟ್ರಾ. 2025ರ ಜೂನ್‌ನಿಂದ ಕಟ್ರಾ-ಶ್ರೀನಗರದ ನಡುವೆಯೂ ರೈಲು ಓಡುತ್ತಿದೆ. ಆ ದಾರಿಯಲ್ಲಿ ಸಿಗುವ ಚೆನಾಬ್ ಸೇತುವೆ ನದಿಯಿಂದ 359 ಮೀಟರ್ ಎತ್ತರದಲ್ಲಿದೆಯಂತೆ. ಕಿಟಕಿ ಪಕ್ಕದ ಸೀಟು ಬೇಕೇ ಬೇಕು.

ಕಳೆದ ವಾರ ತಂಗ್‌ಮಾರ್ಗ್‌ನ ಮನೆ ಮಾಲೀಕರಿಗೆ ಫೋನ್ ಮಾಡಿದೆ. ಅಪ್ಪ ಪಕ್ಕದಲ್ಲೇ ಕೂತಿದ್ದರು. ನನ್ನ ಹಿಂದಿಯಲ್ಲಿ ಮೊದಲು ನೀರಿನ ವಿಷಯವನ್ನೇ ಕೇಳಿದೆ. ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಜನವರಿಯಲ್ಲಿ ಪೈಪಿನೊಳಗೆ ನೀರು ಹೆಪ್ಪುಗಟ್ಟುತ್ತೆ, ಅದಕ್ಕೇ ಮಲಗುವ ಮುಂಚೆ ನಳ ಪೂರ್ತಿ ಬಂದ್ ಮಾಡದೆ ಸಣ್ಣಗೆ ಬಿಟ್ಟಿರ್ತೇವೆ ಅಂದರು. ಅಪ್ಪನಿಗೆ ಹಾಗೇ ಹೇಳಿದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು.

“ರಾತ್ರಿ ಪೂರಾ ನಳ ಬಿಟ್ಟಿರ್ತಾರಂದ್ರ ನೀರಿಗೇನು ಕಮ್ಮಿ ಇಲ್ಲಪಾ. ಹಿಡಿ ಆ ಮನಿ.”

ಅವತ್ತೇ ಅಡ್ವಾನ್ಸ್ ಕಳಿಸಿದೆ. ಅವ್ವ ಖಡಕ್ ರೊಟ್ಟಿಗೆ ಜೋಳ ಹಸನು ಮಾಡೋಕೆ ಕೂತಿದ್ದಾಳೆ.